ಟಾಯ್ಲೆಟ್ ಟೆಂಟ್ ಮಡಚೋದು ಕಲಿಸಿದ್ದು ಸಾಮಿಲ್ಲಿನ ಚಿಕ್ಕಪ್ಪ

ದೂರದ ಪ್ರಯಾಣ ಇದ್ದರೆ ನಮ್ಮಮ್ಮ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಿದ್ದಳು. ಬೆಳಿಗ್ಗೆ ಕಾಫಿ ಕೊಟ್ಟರೂ ಬೇಡ. ಯಾಕೆ ಅಂತ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೆಂಗಸರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಯೂ ಇಲ್ಲ, ಅಲ್ವಾ? ಅವಳಿಗೀಗ 68 ವರ್ಷ. ಎರಡೂ ಮಂಡಿ ನೋವು. ಪೊದೆಯ ಮರೆಯಲ್ಲಿ ಕೂತು ಏಳುವುದು ಆಗುವುದಿಲ್ಲ.

ಹೊಸನಗರ ತಾಲ್ಲೂಕಿನಲ್ಲಿ ಶರಾವತಿ ಹಿನ್ನೀರಿನ ಪಕ್ಕ ನಮ್ಮ ನೆಂಟರದ್ದೊಂದು ತುಂಡು ಜಮೀನಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ಮುಳುಗದೆ ಉಳಿದ ಜಾಗ. ಮನೆಯಿಲ್ಲ, ಕರೆಂಟಿಲ್ಲ. ಮಳೆಗಾಲ ಮುಗಿದು ನೀರು ಹಿಂದೆ ಸರಿದ ಮೇಲೆ ನಾವು ಹತ್ತು ಹನ್ನೆರಡು ಜನ ಅಲ್ಲಿ ಎರಡು ರಾತ್ರಿ ಬಿಡಾರ ಹೂಡುತ್ತೇವೆ. ಅಮ್ಮ ಒಂದೇ ಸಲ ಬಂದವಳು ಮತ್ತೆ ಬರಲಿಲ್ಲ. ಅವಳನ್ನು ಮತ್ತೆ ಕರೆದುಕೊಂಡು ಹೋಗಬೇಕು ಅಂತಲೇ ನಾನು ಟಾಯ್ಲೆಟ್ ಟೆಂಟ್, ಅಂದರೆ ಶೌಚಕ್ಕೆ ಮರೆಯಾಗಿ ನಿಲ್ಲಿಸುವ ಪುಟ್ಟ ಗುಡಾರ, ಹುಡುಕಿದ್ದು.

ಮೊದಲು ತೆಗೆದುಕೊಂಡದ್ದು ಸರಿಯಾಗಲಿಲ್ಲ. ರೇಟು ನೋಡಿ ತಗೊಂಡೆ. ಒಳಗೆ 90 ಸೆಂಟಿಮೀಟರ್ ಅಗಲ ಮಾತ್ರ. ಒಂದು ಮಡಚುವ ಕಮೋಡ್ ಕುರ್ಚಿ ಇಟ್ಟರೆ ಮೊಣಕಾಲು ಬಟ್ಟೆಗೆ ತಾಗುತ್ತಿತ್ತು. ಅದಕ್ಕಿಂತ ಬೇಸರವಾದದ್ದು ರಾತ್ರಿ. ಅತ್ತಿಗೆ ಟಾರ್ಚ್ ಹಿಡಿದು ಒಳಗೆ ಹೋದಳು. ಹೊರಗಿದ್ದ ನಮಗೆಲ್ಲ ಅವಳ ನೆರಳು ಪೂರ್ತಿ ಕಾಣುತ್ತಿತ್ತು. ಮರೆಗೆ ಅಂತ ತಂದ ಟೆಂಟು ಮರೆಯನ್ನೇ ಕೊಡಲಿಲ್ಲ. ಆ ರಾತ್ರಿ ಮತ್ತೆ ಯಾರೂ ಅದರೊಳಗೆ ಹೋಗಲಿಲ್ಲ.

ಎರಡನೆಯದನ್ನು ಅಳೆದು ತೂಗಿ ತಂದೆ. ಒಳಗೆ 120 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ. ಎತ್ತರ 190. ಸೀರೆ ಉಡುವವರು ಒಳಗೆ ನಿಂತು ನೆರಿಗೆ ಸರಿಮಾಡಿಕೊಳ್ಳಬೇಕು ಅಂದರೆ ಇಷ್ಟಾದರೂ ಬೇಕು. ಬಟ್ಟೆಯ ಒಳಮೈಗೆ ಬೆಳ್ಳಿ ಬಣ್ಣದ ಲೇಪ ಇದೆ, ಬೆಳಕು ಹಾಯುವುದಿಲ್ಲ. ಮನೆಗೆ ಬಂದ ದಿನವೇ ರಾತ್ರಿ ಅಂಗಳದಲ್ಲಿ ಬಿಡಿಸಿ, ಒಳಗೆ ದೀಪ ಹಚ್ಚಿ, ಮಗಳನ್ನು ನಿಲ್ಲಿಸಿ, ನಾನು ಸುತ್ತಲೂ ನಡೆದು ನೋಡಿದೆ. ನೀವು ಯಾವುದೇ ಟೆಂಟ್ ತಂದರೂ ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ಇದೊಂದು ಪರೀಕ್ಷೆ ಮಾಡಿ. ದೀಪವನ್ನು ನೆಲದಲ್ಲಿ ಇಡಬೇಡಿ, ಒಳಗಿದ್ದವರ ನೆರಳು ದೊಡ್ಡದಾಗಿ ಗೋಡೆಗೆ ಬೀಳುತ್ತದೆ. ಮೇಲಿನ ಕೊಕ್ಕೆಗೆ ನೇತುಹಾಕಿದರೆ ನೆರಳು ಕಾಲಬುಡಕ್ಕೆ ಬೀಳುತ್ತದೆ. ಜಿಪ್ಪು ಒಳಗಿನಿಂದಲೂ ಹೊರಗಿನಿಂದಲೂ ಎಳೆಯುವಂತಿರಬೇಕು. ವಯಸ್ಸಾದವರ ಬೆರಳಿಗೆ ಸಿಗಲಿ ಅಂತ ನಾನು ಜಿಪ್ಪಿಗೆ ಒಂದೊಂದು ದಪ್ಪ ದಾರದ ಕುಚ್ಚು ಕಟ್ಟಿದ್ದೇನೆ.

ತಳದ ಹಾಸು ಬಿಚ್ಚಿ ತೆಗೆಯುವಂತಿದ್ದರೆ ಒಳ್ಳೆಯದು. ನಮ್ಮವರಿಗೆ ನೀರು ಬೇಕೇ ಬೇಕು. ಹೊಲಿದುಬಿಟ್ಟ ತಳ ಇದ್ದರೆ ಆ ನೀರೆಲ್ಲ ಒಳಗೇ ನಿಲ್ಲುತ್ತದೆ. ತಳ ಇಲ್ಲದಿದ್ದರೆ ಕೆಸರಾಗುತ್ತದೆ. ನಾವು ತಳ ತೆಗೆದು, ಕಾಲಿಡುವಲ್ಲಿ ನಾಲ್ಕು ಅಡಿಕೆ ದಬ್ಬೆ ಹಾಸುತ್ತೇವೆ. ನೀರು ಸಂದಿಯಲ್ಲಿ ಇಳಿದುಹೋಗುತ್ತದೆ, ಕಾಲು ಜಾರುವುದಿಲ್ಲ.

ಈಗ ಮಡಚುವ ವಿಷಯ. ಜಾಸ್ತಿ ಜನ ಸೋಲುವುದು ಇಲ್ಲೇ. ಬಿಚ್ಚುವುದಕ್ಕೆ ಏನೂ ಬೇಡ. ಚೀಲದಿಂದ ತೆಗೆದು, ಕಟ್ಟು ಬಿಚ್ಚಿ, ಮುಖದಿಂದ ದೂರ ಹಿಡಿದು ಬಿಟ್ಟರೆ ತಾನೇ ಪಟ್ಟನೆ ಎದ್ದು ನಿಲ್ಲುತ್ತದೆ. ಮಕ್ಕಳು ದೂರ ಇರಲಿ, ಕನ್ನಡಕ ತೆಗೆದಿಡಿ. ಆದರೆ ಹೊರಡುವ ದಿನ ಅದನ್ನು ಮತ್ತೆ ಚೀಲಕ್ಕೆ ಸೇರಿಸಲು ನಾನೂ ನನ್ನವರೂ ಮುಕ್ಕಾಲು ಗಂಟೆ ಒದ್ದಾಡಿದೆವು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತದೆ. ಸಿಟ್ಟಿಗೆ ಮಂಡಿ ಊರಿ ಒತ್ತಿದಾಗ ಅಂಚಿನೊಳಗಿನ ತಂತಿ ಒಂದು ಕಡೆ ಬಗ್ಗಿತು.

ಆಗ ಚಿಕ್ಕಪ್ಪ ಎದ್ದು ಬಂದರು. ಅವರು ಸಾಗರದ ಒಂದು ಸಾಮಿಲ್ಲಿನಲ್ಲಿ ಬಹಳ ವರ್ಷ ಕೆಲಸ ಮಾಡಿದವರು. ಟೆಂಟಿನ ಅಂಚನ್ನು ಬೆರಳಲ್ಲಿ ಒತ್ತಿ ನೋಡಿದರು. "ಅದರ ಜೊತೆ ಜಗಳ ಆಡಬೇಡ ಮಾರಾಯ್ತಿ. ಇದು ನಮ್ಮ ಬ್ಯಾಂಡ್ ಸಾ ಬ್ಲೇಡೇ. ಮೂರು ಸುತ್ತು ಕೇಳ್ತದೆ, ನೀವು ಎರಡಕ್ಕೆ ಒತ್ತುತ್ತಾ ಇದೀರಿ" ಅಂದರು.

ಮರ ಕೊಯ್ಯುವ ಆ ಉದ್ದನೆಯ ಬ್ಲೇಡು ಎರಡು ತುದಿ ಬೆಸೆದ ಒಂದು ದೊಡ್ಡ ಬಳೆ. ಸಾಮಿಲ್ಲಿನವರು ಅದನ್ನು ಕೈಯಲ್ಲಿ ತಿರುಚಿ ಮೂರು ಸುತ್ತಿನ ಸಣ್ಣ ಬಳೆ ಮಾಡಿ ಗೋಡೆಗೆ ತೂಗುಹಾಕುತ್ತಾರೆ. ಟೆಂಟಿನ ಒಂದೊಂದು ಗೋಡೆಯ ಅಂಚಿನಲ್ಲೂ ಅಂಥದ್ದೇ ಸ್ಪ್ರಿಂಗ್ ಉಕ್ಕಿನ ಬಳೆ ಹೊಲಿದಿರುತ್ತದೆ. ಬೆಸೆದ ಬಳೆ ಎರಡು ಸುತ್ತಿಗೆ ಚಪ್ಪಟೆಯಾಗಿ ಕೂರುವುದಿಲ್ಲ. ಮೂರಕ್ಕೆ ತಾನಾಗಿ ಕೂರುತ್ತದೆ. ಆಮೇಲೆ ನಾನು ಟೇಪು ಹಿಡಿದು ಅಳೆದೆ. ಮೂಲೆಗಳು ದುಂಡಗಿರುವುದರಿಂದ ಒಂದು ಗೋಡೆಯ ಅಂಚು ಸುತ್ತಲೂ 570 ಸೆಂಟಿಮೀಟರ್. ಮೂರರಿಂದ ಭಾಗಿಸಿದರೆ 190. ಅಷ್ಟು ಸುತ್ತಳತೆಯ ಬಳೆಯ ಅಡ್ಡಗಲ ಸುಮಾರು 60 ಸೆಂಟಿಮೀಟರ್. ಚೀಲದ ಅಗಲವೂ ಅದಕ್ಕೆ ಸರಿಹೊಂದುವಷ್ಟೇ ಇದೆ! ಈ ಲೆಕ್ಕ ತಿಳಿದ ಮೇಲೆ ನನ್ನ ಕೈಗೆ ಧೈರ್ಯ ಬಂತು. ಕೊಳ್ಳುವಾಗಲೂ ಇದು ಉಪಯೋಗಕ್ಕೆ ಬರುತ್ತದೆ. ಮಡಚಿದ ಮೇಲೆ ನಿಮ್ಮ ಕಾರಿನ ಡಿಕ್ಕಿಯಲ್ಲಿ ಹಿಡಿಸುತ್ತದಾ ಅಂತ ಮೊದಲೇ ನೋಡಿಕೊಳ್ಳಬಹುದು.

ನಾನು ಈಗ ಮಡಚುವುದು ಹೀಗೆ. ಗೂಟ, ಹಗ್ಗ, ತಳದ ಹಾಸು ತೆಗೆದು, ಬಾಗಿಲು ಕಿಟಕಿಯ ಜಿಪ್ಪು ಬಿಚ್ಚಿಡುತ್ತೇನೆ. ಗಾಳಿ ಹೋಗಲು ದಾರಿ ಬೇಕು. ಎದುರುಬದುರಿನ ಎರಡು ಮೂಲೆ ಹಿಡಿದು ಹತ್ತಿರ ತಂದರೆ ಟೆಂಟು ಚಪ್ಪಟೆಯಾಗುತ್ತದೆ. ಆಮೇಲೆ ಪುಸ್ತಕ ಮುಚ್ಚಿದ ಹಾಗೆ ಇನ್ನೊಂದು ಮಡಿಕೆ. ಈಗ ನಾಲ್ಕೂ ಗೋಡೆ ಒಂದರ ಮೇಲೊಂದು ಕೂತು, ಎತ್ತರದ ಒಂದೇ ಹಲಗೆಯಂತಾಗುತ್ತದೆ. ಅಂಚುಗಳು ಒಂದಕ್ಕೊಂದು ಸರಿಯಾಗಿ ಕೂತಿವೆಯಾ ಅಂತ ಇಲ್ಲೊಮ್ಮೆ ನೋಡಲೇಬೇಕು. ಒಂದು ತಂತಿ ಹೊರಗುಳಿದರೂ ಮುಂದಿನದ್ದು ಕೆಡುತ್ತದೆ. ಆ ಹಲಗೆಯನ್ನು ನನ್ನ ಮುಂದೆ ನಿಲ್ಲಿಸಿ, ಕೆಳಗಿನ ಅಂಚಿಗೆ ಪಾದ ಅಡ್ಡ ಇಡುತ್ತೇನೆ, ತುಳಿಯುವುದಿಲ್ಲ. ಮೇಲಿನ ತುದಿ ಹಿಡಿದು ಮುಂದಕ್ಕೆ ಬಗ್ಗಿಸಿ, ಬುಡದ ಕಡೆಗೆ ಒಳಮುಖವಾಗಿ ತಳ್ಳುತ್ತೇನೆ. ಎಡಕ್ಕೊಂದು ಬಲಕ್ಕೊಂದು ಕಿವಿಯಂಥ ಸುತ್ತು ತಾನಾಗಿ ಹೊರಗೆ ಬರುತ್ತದೆ. ಇಲ್ಲೇ ಎಲ್ಲರೂ ಹೆದರಿ ಕೈಬಿಡುವುದು. ಬಿಡಬಾರದು. ತಳ್ಳುತ್ತಲೇ ಇದ್ದು, ಒಂದು ಕಿವಿಯನ್ನು ಇನ್ನೊಂದರ ಮೇಲೆ ತಂದರೆ ಮೂರು ಬಳೆ ಒಂದರ ಮೇಲೊಂದು ಬಿದ್ದು ತಟ್ಟೆಯಂತೆ ಕೂರುತ್ತದೆ. ತಕ್ಷಣ ಪಟ್ಟಿ ಸುತ್ತಿ ಕಟ್ಟಬೇಕು. ಬಲ ಏನೂ ಬೇಡ. ಬಲ ಬೇಕು ಅನಿಸಿತು ಅಂದರೆ ಎಲ್ಲೋ ದಿಕ್ಕು ತಪ್ಪಿದೆ. ಬಿಚ್ಚಿ ಮೊದಲಿನಿಂದ ಮಾಡಿ. ಮನೆಯಲ್ಲಿ ಹತ್ತು ಸಲ ಮಾಡಿ ರೂಢಿಯಾದ ಮೇಲೆ ನನಗೆ ಒಂದು ನಿಮಿಷವೂ ಬೇಡ.

ಜಾಗದ ವಿಷಯದಲ್ಲಿ ನಮ್ಮ ಕಡೆಯವರು ಒಂದನ್ನು ಮರೆಯಬಾರದು. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದೇ 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗು, ಅಂದರೆ ರಕ್ತ ಹೀರುವ ಪುಟ್ಟ ಹುಳ, ದರಕಿನಲ್ಲಿ (ಉದುರಿದ ಒಣ ಎಲೆಯಲ್ಲಿ), ಹುಲ್ಲಿನಲ್ಲಿ ಇರುತ್ತದೆ. ಡಿಸೆಂಬರಿನಿಂದ ಮೇವರೆಗೆ, ಅಂದರೆ ನಾವು ಬಿಡಾರ ಹೂಡುವ ಕಾಲಕ್ಕೇ ಅದರ ಕಾಟ. ಮರದ ಬುಡ ತಂಪಾಗಿದೆ ಅಂತ ಒಣ ಎಲೆಯ ಮೇಲೆ ಟೆಂಟ್ ನಿಲ್ಲಿಸಬೇಡಿ. ಬಯಲಿನಲ್ಲಿ, ಬರೀ ನೆಲದ ಮೇಲೆ ನಿಲ್ಲಿಸಿ, ಸುತ್ತ ಎರಡು ಮಾರು ಗುಡಿಸಿಬಿಡಿ. ಕಾಯಿಲೆ ಕಾಣಿಸಿಕೊಂಡ ಊರಿನ ಕಡೆ ಆ ವರ್ಷ ಹೋಗಲೇಬೇಡಿ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಡಿನೊಳಗೆ ಬಿಡಾರ ಹೂಡುವುದಂತೂ ಬೇಡವೇ ಬೇಡ.

ಟೆಂಟಿನ ಜೊತೆ ಬರುವ ಗೂಟಗಳು ನಮ್ಮ ಜಂಬಿಟ್ಟಿಗೆ ನೆಲಕ್ಕೆ ಆಗುವುದಿಲ್ಲ, ಎರಡು ಪೆಟ್ಟಿಗೆ ಬಗ್ಗುತ್ತವೆ. 8 ಎಂಎಂ ಕಂಬಿಯನ್ನು ಒಂದೊಂದು ಅಡಿಗೆ ಕತ್ತರಿಸಿ, ತುದಿ ಬಗ್ಗಿಸಿ ಇಟ್ಟುಕೊಂಡಿದ್ದೇನೆ. ಇಡೀ ಟೆಂಟಿನ ತೂಕ ಎರಡು ಕೆಜಿ. ಹಿನ್ನೀರಿನ ಗಾಳಿಗೆ ಅದೇನೂ ಅಲ್ಲ. ನಾಲ್ಕೂ ಮೂಲೆಯ ಹಗ್ಗ ಕಟ್ಟದೆ ಯಾರನ್ನೂ ಒಳಗೆ ಬಿಡಬೇಡಿ.

ಗುಂಡಿ ತೋಡುವುದಾದರೆ ನೀರಿನಿಂದ 60 ಮೀಟರಾದರೂ ದೂರ, ಒಂದು ಗೇಣು ಆಳ. ನಾವು ಹತ್ತಾರು ಜನ ಇರುವುದರಿಂದ ಗುಂಡಿ ಬಿಟ್ಟು, ಮುಚ್ಚಳದ ಬಕೆಟ್ಟಿಗೆ ಚೀಲ ಹಾಕಿ ಕಮೋಡ್ ಕುರ್ಚಿಯ ಕೆಳಗೆ ಇಡುತ್ತೇವೆ. ಪಕ್ಕದಲ್ಲಿ ಒಂದು ಡಬ್ಬ ಮರದ ಹೊಟ್ಟು. ಪ್ರತಿ ಸಲ ಎರಡು ಹಿಡಿ ಹಾಕಿದರೆ ವಾಸನೆ ಬರುವುದಿಲ್ಲ. ಹೊಟ್ಟು ತರುವುದೂ ಚಿಕ್ಕಪ್ಪನೇ. ತೊಳೆಯುವ ನೀರು ಮಾತ್ರ ದಬ್ಬೆಯ ಕಡೆ ಬೀಳಬೇಕು, ಬಕೆಟ್ಟಿಗೆ ಬಿದ್ದರೆ ಹೊಟ್ಟಿನಿಂದ ಪ್ರಯೋಜನ ಇಲ್ಲ. ವಾಪಸ್ ಹೊರಡುವಾಗ ಚೀಲ ಬಿಗಿದು ಕಟ್ಟಿ, ಬಕೆಟ್ಟಿನ ಮುಚ್ಚಳ ಹಾಕಿ ಮನೆಗೇ ತರುತ್ತೇವೆ.

ಕಳೆದ ಸಲ ಅಮ್ಮ ಬಂದಳು. ಎರಡೂ ದಿನ ಇದ್ದಳು. ಸಂಜೆ ಒಲೆ ಪಕ್ಕ ಕೂತು ಎರಡನೇ ಲೋಟ ಕಷಾಯ ತಾನಾಗಿ ಕೇಳಿದಳು. ಕೊಡುವಾಗ ನನ್ನ ಗಂಟಲು ಕಟ್ಟಿತು.

ಮನೆಗೆ ಬಂದ ದಿನ ಎಷ್ಟು ಸುಸ್ತಾಗಿದ್ದರೂ ಟೆಂಟನ್ನು ಚೀಲದಲ್ಲಿ ಬಿಡುವುದಿಲ್ಲ. ಇಬ್ಬನಿ ಕುಡಿದಿರುತ್ತದೆ. ಹಾಗೇ ಬಿಟ್ಟರೆ ನಮ್ಮ ಥಂಡಿಗೆ ನಾಲ್ಕೇ ದಿನದಲ್ಲಿ ಬೂಷ್ಟು, ಹೊಲಿಗೆಯೊಳಗಿನ ತಂತಿಗೆ ತುಕ್ಕು. ಅಂಗಳದಲ್ಲಿ ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಳಗೂ ಹೊರಗೂ ಬಿಸಿಲು ಕಾಣಿಸುತ್ತೇನೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಚೀಲದಿಂದ ತೆಗೆದು ಜಗಲಿಯಲ್ಲಿ ಒಂದು ಮಧ್ಯಾಹ್ನ ನಿಲ್ಲಿಸುತ್ತೇನೆ. ಮಡಚುವ ಕೆಲಸ ಈಗ ಮಗಳದ್ದು.