ಬೇಸಿಗೆ ಕಳೆಯಲು ಕೊಡಗಿಗೆ: ಬಯಲುಸೀಮೆಯವರು ಮಾಡಿಕೊಳ್ಳಬೇಕಾದ ತಯಾರಿ

ರಾಯಚೂರು, ಕಲಬುರಗಿ, ಬಳ್ಳಾರಿ ಕಡೆಯವರಿಗೆ ಏಪ್ರಿಲ್ ಬಂತೆಂದರೆ ಹಗಲಿಗಿಂತ ರಾತ್ರಿಯ ಚಿಂತೆಯೇ ಹೆಚ್ಚು. ಬಿಸಿಲು 40 ಡಿಗ್ರಿ ದಾಟಿದರೂ ಕಿಟಕಿಗೆ ಪರದೆ ಕಟ್ಟಿ, ನೆಲಕ್ಕೆ ನೀರು ಚಿಮುಕಿಸಿ ಮಧ್ಯಾಹ್ನವನ್ನು ಹೇಗೋ ದಾಟಿಸಬಹುದು. ಆದರೆ ದಿನವಿಡೀ ಕಾದ ಆರ್‌ಸಿಸಿ ಚಾವಣಿ ರಾತ್ರಿ ಹನ್ನೆರಡಾದರೂ ಕಾವು ಬಿಡದೆ, ಫ್ಯಾನು ಆ ಬಿಸಿಗಾಳಿಯನ್ನೇ ತಿರುಗಿಸುತ್ತಿರುವಾಗ ವಯಸ್ಸಾದವರಿಗೂ ಮಕ್ಕಳಿಗೂ ನಿದ್ದೆ ಹತ್ತುವುದಿಲ್ಲ. ಆದ್ದರಿಂದ ಬೇಸಿಗೆಯ ಒಂದೂವರೆ ತಿಂಗಳನ್ನು ಕೊಡಗಿನಲ್ಲಿ ಕಳೆಯಬೇಕೆನ್ನುವವರು ಹುಡುಕಬೇಕಾದದ್ದು ಚೆಂದದ ನೋಟವನ್ನಲ್ಲ, ತಣ್ಣನೆಯ ರಾತ್ರಿಯನ್ನು. ಎರಡು ದಿನ ಬಂದು ರಾಜಾಸೀಟಿನಲ್ಲಿ ಸೂರ್ಯಾಸ್ತ ನೋಡಿ ಹೋಗುವವರಿಗೆ ಈ ಬರಹ ಬೇಕಾಗುವುದಿಲ್ಲ. ಅಲ್ಲಿಯೇ ಒಲೆ ಹೂಡಿ ಸಂಸಾರ ನಡೆಸುವವರಿಗಾಗಿ, ನಾವು ಕೆಲವು ಬೇಸಿಗೆಗಳಲ್ಲಿ ಮಾಡಿದ ತಪ್ಪುಗಳನ್ನೂ ಸೇರಿಸಿ ಇದನ್ನು ಬರೆದಿದ್ದೇನೆ.

ಎತ್ತರ ನೋಡಿ ಊರು ಆರಿಸಿ

ಕೊಡಗೆಂದರೆ ಎಲ್ಲ ಕಡೆಯೂ ತಂಪು ಎಂದು ನಂಬಿದ್ದೇ ನಮ್ಮ ಮೊದಲ ತಪ್ಪು. ಮೊದಲ ವರ್ಷ ಬಾಡಿಗೆ ಕಡಿಮೆಯೆಂದು ಕುಶಾಲನಗರದಲ್ಲಿ ಪೇಟೆಯ ನಡುವಿನ ಮಹಡಿ ಮನೆ ಹಿಡಿದೆವು. ಊರೇನೋ ಅನುಕೂಲದ್ದೇ, ಅಂಗಡಿ, ಆಸ್ಪತ್ರೆ, ಬಸ್ಸು ಎಲ್ಲವೂ ಕೈಗೆಟಕುವಂತಿವೆ. ಆದರೆ ಏಪ್ರಿಲ್ ಮಧ್ಯಾಹ್ನ ಅಲ್ಲಿಯೂ ಫ್ಯಾನು ನಿಲ್ಲಿಸುವ ಹಾಗಿರಲಿಲ್ಲ. ನನ್ನ ತಾಯಿ ಮೂರನೆಯ ದಿನವೇ, "ಇಷ್ಟು ದೂರ ಬಂದಿದ್ದು ಇದಕ್ಕೇನಪಾ?" ಎಂದು ಕೇಳಿದ್ದರು.

ಗಾಳಿಯ ತಾಪಮಾನ ಪ್ರತಿ 1,000 ಮೀಟರ್ ಎತ್ತರಕ್ಕೆ ಸರಾಸರಿ 6 ರಿಂದ 6.5 ಡಿಗ್ರಿಯಷ್ಟು ಇಳಿಯುತ್ತದೆ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದ್ದರೆ ಕುಶಾಲನಗರ 830 ಮೀಟರಿನ ಆಸುಪಾಸಿನಲ್ಲಿದೆ, ಮಡಿಕೇರಿ ಸುಮಾರು 1,150 ಮೀಟರಿನಲ್ಲಿದೆ. ಎತ್ತರವೊಂದನ್ನೇ ಲೆಕ್ಕ ಹಾಕಿದರೆ ಮಡಿಕೇರಿಯಲ್ಲಿ ನಾಲ್ಕೈದು ಡಿಗ್ರಿಯಷ್ಟೇ ಕಡಿಮೆಯಾಗಬೇಕು. ಮಿಕ್ಕ ತಂಪೆಲ್ಲ ಮರದ ನೆರಳಿನಿಂದಲೂ ಪಡುವಣ ಕಡಲಿನಿಂದ ಘಟ್ಟ ಹತ್ತಿ ಬರುವ ಗಾಳಿಯಿಂದಲೂ ಬರುತ್ತದೆ. ಅಂದರೆ ಮಡಿಕೇರಿಯಲ್ಲೇ ಇದ್ದರೂ ಮರವಿಲ್ಲದ ಬಡಾವಣೆಯ ಸಿಮೆಂಟು ಮನೆಗೂ, ಸಿಲ್ವರ್ ಓಕ್ ಮತ್ತು ಹಲಸಿನ ನೆರಳಿನಲ್ಲಿರುವ ತೋಟದ ಹೆಂಚಿನ ಮನೆಗೂ ವ್ಯತ್ಯಾಸ ಬಹಳ. ನಮ್ಮ ಅನುಭವದಲ್ಲಿ ಮಡಿಕೇರಿಯ ಸುತ್ತಲಿನ ತೋಟಗಳೂ ಸೋಮವಾರಪೇಟೆಯ ಎತ್ತರದ ಹಳ್ಳಿಗಳೂ ಬೇಸಿಗೆಗೆ ಮೇಲು. ವಿರಾಜಪೇಟೆ, ಗೋಣಿಕೊಪ್ಪಲು ಮಧ್ಯಮ. ಸಂಪಾಜೆ, ಕರಿಕೆ, ಮಾಕುಟ್ಟ ಕೊಡಗಿನೊಳಗೇ ಇದ್ದರೂ ಘಟ್ಟದ ಬುಡದಲ್ಲಿರುವುದರಿಂದ ಅಲ್ಲಿ ಕರಾವಳಿಯ ಸೆಕೆಯೇ ಇರುತ್ತದೆ. ಜಾಹೀರಾತಿನಲ್ಲಿ "ಕೂರ್ಗ್" ಎಂಬ ಒಂದು ಪದ ಕಂಡು ಮುಂಗಡ ಕಳಿಸಬೇಡಿ. ಊರಿನ ಹೆಸರು ಕೇಳಿ, ನಕ್ಷೆಯಲ್ಲಿ ಅದರ ಎತ್ತರ ನೋಡಿ, ಆಮೇಲೆ ಮಾತಾಡಿ.

ಎರಡು ಮಳೆಗಳ ನಡುವಿನ ಕಾಲ

ಶಾಲೆಯ ರಜೆ ಏಪ್ರಿಲ್ ಎರಡನೆಯ ವಾರಕ್ಕೆ ಶುರುವಾಗಿ ಮೇ ಕೊನೆಗೆ ಮುಗಿಯುತ್ತದೆ, ಕೊಡಗಿನಲ್ಲಿ ಇರಲು ಸರಿಯಾದ ಅವಧಿಯೂ ಹೆಚ್ಚುಕಡಿಮೆ ಅದೇ. ಅದಕ್ಕೂ ಮುಂಚೆ, ಫೆಬ್ರುವರಿ ಕೊನೆಯಿಂದ ಮಾರ್ಚ್–ಏಪ್ರಿಲ್‌ವರೆಗೆ, ಅಲ್ಲಿನವರು ಕಾಯುವುದು ಹೂಮಳೆಗೆ. ಈ ಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಕಾಫಿ ಗಿಡ ಕೊಂಬೆ ತುಂಬ ಬಿಳಿ ಹೂ ಬಿಡುತ್ತದೆ. ಮಲ್ಲಿಗೆಯನ್ನು ನೆನಪಿಸುವ ಆ ಕಂಪು ಮೂರ್ನಾಲ್ಕು ದಿನ ಇದ್ದು ಹೋಗುತ್ತದೆ. ಹೂಮಳೆ ಕೈಕೊಟ್ಟ ವರ್ಷ ನೀರಿನ ಅನುಕೂಲವಿರುವ ಬೆಳೆಗಾರರು ಕೆರೆಯಿಂದ ಪಂಪು ಹಚ್ಚಿ ತುಂತುರು ನೀರಾವರಿ ಮಾಡುತ್ತಾರೆ. ಹೂ ಕಾಯಿಗಟ್ಟುವುದಕ್ಕೆ ಇನ್ನೊಂದು ಮಳೆ ಬೇಕು. ಸಂಜೆಯ ತಿರುಗಾಟ ಹಾಳಾಯಿತೆಂದು ಮನೆಯೊಡೆಯರ ಮುಂದೆ ಮಳೆಯನ್ನು ಶಪಿಸುವ ಮುನ್ನ ಇದನ್ನು ನೆನಪಿಡಿ. ನಿಮ್ಮ ಹಾಳಾದ ಸಂಜೆಯೇ ಅವರ ಒಂದು ವರ್ಷದ ಫಸಲಾಗಿರಬಹುದು.

ಏಪ್ರಿಲ್–ಮೇ ತಿಂಗಳಲ್ಲಿಯೇ ಕೊಡವ ಕುಟುಂಬಗಳ ನಡುವಿನ ಹಾಕಿ ಉತ್ಸವವೂ ನಡೆಯುತ್ತದೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭಿಸಿದ ಈ ಪಂದ್ಯಾವಳಿಯನ್ನು ವರ್ಷಕ್ಕೊಂದು ಕುಟುಂಬ ಹೊತ್ತು ನಡೆಸುವುದರಿಂದ ಜಾಗವೂ ಬದಲಾಗುತ್ತಿರುತ್ತದೆ. ಆ ವರ್ಷ ಎಲ್ಲಿ ನಡೆಯುತ್ತದೆಂದು ಮೊದಲೇ ವಿಚಾರಿಸಿ. ಆ ಸುತ್ತಮುತ್ತ ಕೋಣೆಗಳು ಸಿಗುವುದು ಕಷ್ಟ. ಆದರೆ ಒಂದು ಮಧ್ಯಾಹ್ನ ಹೋಗಿ ಅಜ್ಜನೂ ಮೊಮ್ಮಗನೂ ಒಂದೇ ತಂಡದಲ್ಲಿ ಓಡುವುದನ್ನು ನೋಡದೆ ಬರಬೇಡಿ.

ಮನೆ ಹಿಡಿಯುವಾಗ

ತಿಂಗಳುಗಟ್ಟಲೆ ಇರುವವರಿಗೆ ದಿನದ ಲೆಕ್ಕದ ಹೋಂಸ್ಟೇ ಬಾಡಿಗೆ ಗಿಟ್ಟುವುದಿಲ್ಲ. ಮಾಲೀಕರೊಂದಿಗೆ ನೇರವಾಗಿ ಮಾತಾಡಿ ಒಟ್ಟು ತಿಂಗಳಿಗೆ ಇಷ್ಟು ಎಂದು ಗೊತ್ತುಮಾಡಿಕೊಳ್ಳಿ. ಹೋಂಸ್ಟೇ ಆಗಿದ್ದರೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಅವರು ನಿಮ್ಮ ಆಧಾರ್ ಪ್ರತಿ ಕೇಳುತ್ತಾರೆ, ನೀವು ಅವರ ನೋಂದಣಿ ಪತ್ರ ಕೇಳಬಹುದು. ಹಣ ಕೊಡುವ ಮೊದಲು ಒಬ್ಬರಾದರೂ ಹೋಗಿ ಮನೆಯನ್ನು ಕಣ್ಣಾರೆ ನೋಡಿ ಬರುವುದು ಒಳ್ಳೆಯದು.

ನೋಡಲು ಹೋದವರು ಮೊದಲು ನೀರಿನ ಮೂಲವನ್ನು ಕೇಳಬೇಕು. ಮಳೆನಾಡಿನಲ್ಲಿ ನೀರಿಗೇನು ಬರ ಎನ್ನಿಸುವುದು ಸಹಜ, ನಮಗೂ ಹಾಗೇ ಅನ್ನಿಸಿತ್ತು. ಎರಡನೆಯ ವರ್ಷ ಹಿಡಿದ ತೋಟದ ಮನೆಗೆ ಗುಡ್ಡದ ಒರತೆಯಿಂದ ಕೊಳವೆಯಲ್ಲಿ ನೀರು ಹರಿದು ಬರುತ್ತಿತ್ತು. ಮೋಟಾರಿಲ್ಲ, ಕರೆಂಟಿನ ಹಂಗಿಲ್ಲವೆಂದು ಹಿಗ್ಗಿದೆವು. ಮೇ ಮೊದಲ ವಾರಕ್ಕೆ ಒರತೆ ಎಳೆಯಷ್ಟಾಯಿತು, ಒಂದು ಕೊಡ ತುಂಬಲು ಅರ್ಧ ಗಂಟೆ ಹಿಡಿಯುತ್ತಿತ್ತು. ಆದ್ದರಿಂದ, "ನೀರಿದೆಯೇ?" ಎಂದು ಕೇಳಬೇಡಿ, ಯಾರೂ ಇಲ್ಲವೆನ್ನುವುದಿಲ್ಲ. "ಹೋದ ವರ್ಷ ಮೇ ತಿಂಗಳಲ್ಲಿ ಬಾವಿಯಲ್ಲಿ ಎಷ್ಟು ನೀರಿತ್ತು?" ಎಂದು ಕೇಳಿ. ಮಾಲೀಕರಿಗಿಂತ ಲೈನ್ ಮನೆಯ, ಅಂದರೆ ತೋಟದ ಕೆಲಸದವರ ಸಾಲುಮನೆಯ, ಕಾರ್ಮಿಕರು ಇದಕ್ಕೆ ಸರಿಯಾದ ಉತ್ತರ ಕೊಡುತ್ತಾರೆ.

ಎರಡನೆಯದು ವಿದ್ಯುತ್ತು. ಮುಂಗಾರು ಪೂರ್ವದ ಗುಡುಗು ಮಳೆಗೆ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದರೆ ತೋಟದ ಮನೆಗಳಿಗೆ ಒಂದು ರಾತ್ರಿ, ಕೆಲವೊಮ್ಮೆ ಎರಡು ದಿನ ಕರೆಂಟು ಬರುವುದಿಲ್ಲ. ಯುಪಿಎಸ್ ಇದೆಯೇ, ಬಚ್ಚಲಲ್ಲಿ ಸೌದೆ ಹಾಕಿ ನೀರು ಕಾಯಿಸುವ ಹಂಡೆ ಇದೆಯೇ ಎಂದು ನೋಡಿಕೊಳ್ಳಿ. ಸಿಡಿಲು ಜೋರಾದಾಗ ಟಿವಿ, ಚಾರ್ಜರುಗಳ ಪ್ಲಗ್ಗು ಕಿತ್ತಿಡುವುದನ್ನು ಅಲ್ಲಿಯ ಮಕ್ಕಳೂ ಬಲ್ಲರು, ಬಯಲುಸೀಮೆಯವರು ಕಲಿಯಬೇಕು. ಮೊಬೈಲ್ ಸಿಗ್ನಲ್ಲನ್ನು ಅಂಗಳದಲ್ಲಲ್ಲ, ಮಲಗುವ ಕೋಣೆಯಲ್ಲಿ ನಿಂತು ಪರೀಕ್ಷಿಸಿ.

ಹೊರಡುವ ಮುನ್ನ

ಕೊಡಗಿಗೆ ರೈಲಿಲ್ಲ. ಕಲಬುರಗಿ, ಯಾದಗಿರಿ, ರಾಯಚೂರಿನವರಿಗೆ ಸೊಲ್ಲಾಪುರ–ಹಾಸನ ರೈಲು ಅನುಕೂಲ. ಸೋಮವಾರಪೇಟೆ ಕಡೆ ಮನೆ ಹಿಡಿದವರು ಹಾಸನದಲ್ಲಿ ಇಳಿದು ಬಸ್ಸು ಹಿಡಿಯಬಹುದು. ಬಳ್ಳಾರಿ, ಹೊಸಪೇಟೆಯವರಿಗೆ ಹಂಪಿ ಎಕ್ಸ್‌ಪ್ರೆಸ್ ಮೈಸೂರಿನವರೆಗೆ ಇದೆ, ಅಲ್ಲಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್ ರಸ್ತೆ ಪ್ರಯಾಣ. ರೈಲಿನ ಮುಂಗಡ ಟಿಕೆಟ್ ಈಗ 60 ದಿನ ಮೊದಲಷ್ಟೇ ಸಿಗುವುದರಿಂದ, ಏಪ್ರಿಲ್ ಎರಡನೆಯ ವಾರ ಹೊರಡುವವರು ಫೆಬ್ರುವರಿ ಎರಡನೆಯ ವಾರದಲ್ಲಿ ಕಾಯ್ದಿರಿಸಬೇಕು. ಕುಶಾಲನಗರ ದಾಟಿದ ಮೇಲೆ ತಿರುವುಗಳು ಶುರುವಾಗುತ್ತವೆ. ವಾಂತಿಯ ತೊಂದರೆ ಇರುವವರು ಅದಕ್ಕೆ ಮುಂಚೆ ಹೊಟ್ಟೆ ಬಿರಿಯ ತಿನ್ನಬಾರದು.

ಬಿಟ್ಟು ಬರುವ ಮನೆಯನ್ನೂ ಮರೆಯುವಂತಿಲ್ಲ. ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ ತೆಗೆದಿಡಿ. ಫ್ರಿಜ್ಜು ಖಾಲಿ ಮಾಡಿ, ಒರೆಸಿ, ಬಾಗಿಲು ಸ್ವಲ್ಪ ತೆರೆದಿಡಿ. ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ತುಂಬಿಸಿ. ಒಂದು ಬೀಗದ ಕೈ ನಂಬಿಕೆಯ ನೆರೆಯವರಲ್ಲಿರಲಿ, ಬೀಗ ಹಾಕಿದ ಮನೆಯ ವಿಷಯ ಠಾಣೆಗೂ ತಿಳಿದಿರಲಿ.

ಸಾಮಾನಿನಲ್ಲಿ ಒಂದು ಸಂಗತಿಯನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ಉತ್ತರ ಕರ್ನಾಟಕದವರು ಎಲ್ಲಿ ಹೋದರೂ ಎಡವುವುದು ರೊಟ್ಟಿಯಲ್ಲಿಯೇ. ಕೊಡಗು ಅಕ್ಕಿಯ ನಾಡು. ಕಡಂಬುಟ್ಟು, ನೂಲ್‌ಪುಟ್ಟು, ಪಾಪುಟ್ಟು, ಅಕ್ಕಿ ಒಟ್ಟಿ ಎಲ್ಲವೂ ಅಕ್ಕಿಯವೇ. ಊರಿನಿಂದ ಜೋಳದ ಹಿಟ್ಟನ್ನು ಹತ್ತು ಕಿಲೋ ಬೀಸಿಸಿಕೊಂಡು ಹೋದರೆ ಮೂರನೆಯ ವಾರಕ್ಕೆ ಅದರ ಜಿಗಿ ಹೋಗಿರುತ್ತದೆ, ಬಡಿಯುವಾಗ ರೊಟ್ಟಿಯ ಅಂಚು ಬಿರಿಯುತ್ತದೆ, ಎತ್ತಿದರೆ ಮುರಿಯುತ್ತದೆ. ಹಿಟ್ಟಿನ ಬದಲು ಜೋಳವನ್ನೇ ಒಯ್ಯಿರಿ. ವಾರಕ್ಕೆರಡು ಕಿಲೋದಂತೆ ಅಲ್ಲಿಯ ಗಿರಣಿಯಲ್ಲಿ ಬೀಸಿಸಿ. ಅಕ್ಕಿ ಬೀಸಿದ ಮೇಲೆ ನಿಮ್ಮದನ್ನು ಹಾಕಲು ಹೇಳಿ, ಮೆಣಸಿನಕಾಯಿಯ ನಂತರ ಬೇಡ. ತರಕಾರಿಗೆ ಮಡಿಕೇರಿಯಲ್ಲಿ ಶುಕ್ರವಾರ, ಕುಶಾಲನಗರದಲ್ಲಿ ಮಂಗಳವಾರ ಸಂತೆ ಸೇರುತ್ತದೆ. ವಾರಾಂತ್ಯದಲ್ಲಿ ಮಡಿಕೇರಿಯ ರಸ್ತೆಗಳು ಪ್ರವಾಸಿಗರ ಕಾರುಗಳಿಂದ ತುಂಬುವುದರಿಂದ ಪೇಟೆಯ ಕೆಲಸವನ್ನೆಲ್ಲ ನಡುವಾರದಲ್ಲೇ ಮುಗಿಸಿಕೊಳ್ಳಿ.

ಉಣ್ಣೆಯ ಕೋಟು ಬೇಕಿಲ್ಲ. ಹಗಲಿಗೆ ಹತ್ತಿ ಬಟ್ಟೆ, ಬೆಳಗ್ಗೆ ಸಂಜೆಗೆ ತೆಳು ಸ್ವೆಟರ್, ಮಲಗಲು ಕಂಬಳಿ, ಒಂದು ಗಟ್ಟಿ ಕೊಡೆ ಸಾಕು.

ಇರುವಾಗಿನ ಎಚ್ಚರ

ತೋಟದ ದಾರಿಗಳಲ್ಲಿ ನಸುಕಿನಲ್ಲಿಯೂ ಕತ್ತಲಾದ ಮೇಲೂ ಒಬ್ಬರೇ ನಡೆಯಬಾರದು. ಹಲಸು ಹಣ್ಣಾಗುವ ಕಾಲಕ್ಕೆ ಕಾಡಾನೆಗಳು ಅದರ ವಾಸನೆ ಹಿಡಿದು ತೋಟಕ್ಕಿಳಿಯುತ್ತವೆ. ಕಾಫಿ ಗಿಡಗಳ ಸಾಲಿನ ಹಿಂದೆ ಅಷ್ಟು ದೊಡ್ಡ ಪ್ರಾಣಿ ಸದ್ದಿಲ್ಲದೆ ನಿಂತಿರುವುದು ಹತ್ತು ಹೆಜ್ಜೆ ದೂರಕ್ಕೂ ಗೊತ್ತಾಗುವುದಿಲ್ಲ. ಬೆಳಗಿನ ವಾಯುವಿಹಾರದ ರೂಢಿಯಿರುವವರು ಬಿಸಿಲೇರಿದ ಮೇಲೆ ಹೊರಡಿ, ಹಿಂದಿನ ರಾತ್ರಿ ಆನೆ ಯಾವ ಕಡೆಗಿತ್ತೆಂದು ಕೆಲಸದವರನ್ನು ಕೇಳಿಯೇ ಹೊರಡಿ.

ಕಾವೇರಿ ಬೇಸಿಗೆಯಲ್ಲಿ ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಾಳೆ, ಆದರೆ ಬಂಡೆಯ ಬುಡದ ಗುಂಡಿಗಳ ಆಳ ಮೇಲಿನಿಂದ ತಿಳಿಯುವುದಿಲ್ಲ. ಕೆರೆ, ಕಾಲುವೆಯಲ್ಲಿ ಈಜು ಕಲಿತ ಹುಡುಗರೇ ಇಲ್ಲಿ ಹೆಚ್ಚು ಧೈರ್ಯ ಮಾಡುವುದು, ಅವರ ಮೇಲೆ ಕಣ್ಣಿರಲಿ. ಅಬ್ಬಿ, ಇರ್ಪು ಜಲಪಾತಗಳಲ್ಲಿ ಆಗ ನೀರು ಕಡಿಮೆ. 1,748 ಮೀಟರ್ ಎತ್ತರದ ತಡಿಯಂಡಮೋಳ್ ಮುಂತಾದ ಬೆಟ್ಟಗಳ ಚಾರಣವನ್ನು ಕಾಡ್ಗಿಚ್ಚಿನ ಭಯದಿಂದ ಅರಣ್ಯ ಇಲಾಖೆ ಬೇಸಿಗೆಯಲ್ಲಿ ನಿಲ್ಲಿಸುವುದುಂಟು. ಹೊರಡುವ ದಿನವೇ ವಿಚಾರಿಸಿ, ಬೇಡವೆಂದರೆ ವಾದಿಸಬೇಡಿ.

ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಪೂರ್ತಿ ಅವಧಿಗೆ ಸಾಕಾಗುವಷ್ಟು, ವೈದ್ಯರ ಚೀಟಿಯೊಂದಿಗೆ ಒಯ್ಯಿರಿ. ಮಡಿಕೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಹೃದಯ, ನರಗಳ ದೊಡ್ಡ ಚಿಕಿತ್ಸೆಗೆ ಮೈಸೂರಿಗೋ ಮಂಗಳೂರಿಗೋ ಹೋಗಬೇಕಾಗುತ್ತದೆ. ಇತ್ತೀಚೆಗೆ ಹೃದಯದ ತೊಂದರೆ ಕಂಡವರನ್ನು ಪೇಟೆಯಿಂದ ಹತ್ತು ಹದಿನೈದು ಕಿಲೋಮೀಟರ್ ಒಳಗಿನ ತೋಟದಲ್ಲಿ ಇರಿಸಬೇಡಿ, ತಂಪು ಸ್ವಲ್ಪ ಕಡಿಮೆಯಾದರೂ ಮಡಿಕೇರಿ ಪೇಟೆಯಲ್ಲೇ ಮನೆ ಹಿಡಿಯಿರಿ.

ಹಿಂತಿರುಗುವುದು ಯಾವಾಗ

ಬಿಸಿಲಿಗೆ ಒಗ್ಗಿದ ದೇಹ ತಂಪಿನಲ್ಲಿ ಮೂರು ನಾಲ್ಕು ವಾರ ಕಳೆದರೆ ಆ ಒಗ್ಗಿಕೆಯನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ, ಮತ್ತೆ ಒಗ್ಗಲು ಒಂದೆರಡು ವಾರ ಬೇಕು. ಮೇ ನಡುವಿನಲ್ಲಿ ಮದುವೆಯೆಂದು ದಿಢೀರನೆ ರಾಯಚೂರಿಗೆ ಇಳಿದು ಬಿಸಿಲಲ್ಲಿ ಓಡಾಡುವವರು ನಾಲ್ಕು ದಿನ ಹಾಸಿಗೆ ಹಿಡಿಯುವುದು ಇದರಿಂದಲೇ. ಅನಿವಾರ್ಯವಾದರೆ ರಾತ್ರಿ ಪ್ರಯಾಣ ಮಾಡಿ, ಮೊದಲ ವಾರ ಹಗಲು ಹೊರಬೀಳದೆ ನೀರು ಮಜ್ಜಿಗೆ ಹೆಚ್ಚು ಕುಡಿಯಿರಿ.

ಊರು ತಣ್ಣಗಾದ ಮೇಲೆ ಹೋಗೋಣವೆಂದು ಕಾಯುವುದಕ್ಕೂ ಮಿತಿಯಿದೆ. ಮುಂಗಾರು ವಾಡಿಕೆಯಂತೆ ಜೂನ್ 1ರ ಸುಮಾರಿಗೆ ಕೇರಳ ಮುಟ್ಟಿ, ಕೊಡಗನ್ನು ತೋಯಿಸಿ, ಆಮೇಲೆ ಬಯಲುಸೀಮೆಗೆ ಬರುತ್ತದೆ. ಆ ಮೊದಲ ವಾರ ಕೊಡಗಿನಲ್ಲಿದ್ದರೆ ಇಂಬಳಗಳು (ಜಿಗಣೆಗಳು) ಕಾಲಿಗೆ ಹತ್ತುತ್ತವೆ, ಬಟ್ಟೆ ಒಣಗುವುದಿಲ್ಲ, ಬೆಂಕಿಪೊಟ್ಟಣ ಥಂಡಿ ಹಿಡಿಯುತ್ತದೆ. ಆದರೂ ಇರಬಹುದು, ನಾವು ಇದ್ದೇವೆ. ಮಳೆ ಚೆಂದವೆಂದು ಜುಲೈ ಆಗಸ್ಟಿನವರೆಗೆ ಬಾಡಿಗೆ ಮುಂದುವರಿಸುವುದು ಬೇರೆ ಮಾತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದು ಮಡಿಕೇರಿ–ಸಂಪಾಜೆ ಹೆದ್ದಾರಿ ಬಂದಾಗಿತ್ತು. ಇಳಿಜಾರಿನ ತೋಟದ ಮನೆಯಲ್ಲಿ ಆ ಕಾಲಕ್ಕೆ ಹೊರಗಿನವರು ಇರುವುದು ಮನೆಯೊಡೆಯರಿಗೂ ಹೊರೆಯೇ. ಜೂನ್ ಎರಡನೆಯ ವಾರಕ್ಕೆ ಟಿಕೆಟ್ ಕಾಯ್ದಿರಿಸಿ, ಹೊರಡುವ ಹಿಂದಿನ ದಿನ ನೆರೆಯವರಿಗೆ ಫೋನು ಮಾಡಿ ಮನೆಯ ಕಿಟಕಿಗಳನ್ನು ತೆರೆಸಿಡಿ. ಎರಡು ತಿಂಗಳು ಮುಚ್ಚಿದ ಮನೆಯ ಕಾವು ಹೋಗಲು ಒಂದು ರಾತ್ರಿಯಾದರೂ ಬೇಕು.