ಹುಡುಕಾಟದ ಫಲಿತಾಂಶಗಳ ಪ್ರಸ್ತುತತೆಯನ್ನು ಅಳೆದ ನನ್ನ ಅನುಭವ

ಡಿಜಿಟಲ್ ಗ್ರಂಥಾಲಯವೊಂದರ ಹುಡುಕಾಟ ವ್ಯವಸ್ಥೆಯನ್ನು ಪರೀಕ್ಷಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ಪ್ರತಿ ಪ್ರಶ್ನೆಯ ಜೊತೆಗೆ ಅದನ್ನು ಕೇಳಿದ ಓದುಗರ ಉದ್ದೇಶವನ್ನೂ ಮೊದಲು ಬರೆಸಿಕೊಂಡೆ. ಎಂಥ ದಾಖಲೆ ಬೇಕು, ಎಂಥದು ಬೇಡ ಎಂಬುದು ಮುಂಚಿತವಾಗಿ ಲಿಖಿತವಾಗಿರದಿದ್ದರೆ, ಕಣ್ಣಿಗೆ ಬಿದ್ದ ಫಲಿತಾಂಶಗಳಿಗೆ ತಕ್ಕಂತೆ ನಮ್ಮ ಅಳತೆಗೋಲೇ ಬದಲಾಗುತ್ತಾ ಹೋಗುತ್ತದೆ. ಹುಡುಕಾಟ ವ್ಯವಸ್ಥೆಗಳನ್ನು ಒಂದೇ ದಾಖಲೆಸಂಗ್ರಹದ ಮೇಲೆ ಹೋಲಿಸಿ ನೋಡಲು 1992ರಲ್ಲಿ ಆರಂಭವಾದ ಟ್ರೆಕ್ (TREC) ಪರೀಕ್ಷೆಗಳಲ್ಲಿಯೂ ಪ್ರಶ್ನೆಗಳಿಗೆ ಇಂಥ ವಿವರಣೆಯನ್ನು ಸೇರಿಸುವ ಪದ್ಧತಿ ಬೆಳೆದುಬಂದಿದೆ.

‘ಅಂತರ್ಜಲ ಮರುಪೂರಣ’ ಎಂಬ ಪ್ರಶ್ನೆಯನ್ನೇ ನೋಡಿ. ಕೇಳಿದವರಿಗೆ ಬೇಕಿದ್ದದ್ದು ಕ್ಷೇತ್ರದಲ್ಲಿ ಅಳೆದ ಅಂಕಿಅಂಶ. ಶೀರ್ಷಿಕೆಯಲ್ಲಿ ಅವೇ ಪದಗಳಿದ್ದ ವರದಿಯೊಂದು ಪಟ್ಟಿಯ ಮೇಲ್ಭಾಗದಲ್ಲಿತ್ತು; ತೆರೆದರೆ ಅದರಲ್ಲಿ ಯೋಜನೆಯ ಗುರಿಗಳ ಹೊರತು ಬೇರೇನೂ ಇರಲಿಲ್ಲ. ಬಹಳ ಕೆಳಗೆ, ಕೆರೆಗಳ ಹೂಳಿನ ಬಗೆಗಿನ ಪ್ರಬಂಧವೊಂದರ ನಾಲ್ಕನೆಯ ಅಧ್ಯಾಯದಲ್ಲಿ, ಸುತ್ತಲಿನ ಬಾವಿಗಳ ನೀರಿನ ಮಟ್ಟವನ್ನು ತಿಂಗಳುವಾರು ದಾಖಲಿಸಿದ ಕೋಷ್ಟಕವೇ ಇತ್ತು. ಶೀರ್ಷಿಕೆ ಮತ್ತು ಸಾರಾಂಶವನ್ನಷ್ಟೇ ಓದಿ ಅಂಕ ಕೊಟ್ಟಿದ್ದರೆ ಈ ಎರಡರ ಸ್ಥಾನವೂ ತಲೆಕೆಳಗಾಗುತ್ತಿತ್ತು. ಆದ್ದರಿಂದ ಸಾರಾಂಶ ನೋಡಿ ಒಮ್ಮೆ, ಪೂರ್ಣಪಠ್ಯ ನೋಡಿ ಮತ್ತೊಮ್ಮೆ ಅಂಕ ಕೊಟ್ಟು ಎರಡನ್ನೂ ಉಳಿಸಿಕೊಳ್ಳುವ ಕ್ರಮವನ್ನು ಇಟ್ಟುಕೊಂಡೆ. ಇದು ಸಮಯ ತಿನ್ನುವ ಕೆಲಸವಾದರೂ ಬಿಡುವಂಥದ್ದಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಂಕಗಳು ಸೊನ್ನೆಯಿಂದ ಮೂರರವರೆಗೆ ಇದ್ದವು. ಹೌದು ಅಥವಾ ಇಲ್ಲ ಎಂಬ ಎರಡೇ ಆಯ್ಕೆಗಳಿದ್ದರೆ, ಭಾಗಶಃ ಉಪಯುಕ್ತವಾದ ದಾಖಲೆಗಳು ಎಲ್ಲಿಯೂ ಸಲ್ಲುವುದಿಲ್ಲ. ಮೊದಲು ಕಂಡದ್ದಕ್ಕೆ ಹೆಚ್ಚು ಬೆಲೆ ಕೊಡುವ ಒಲವು ಎಲ್ಲರಲ್ಲೂ ಇರುವುದರಿಂದ, ಫಲಿತಾಂಶಗಳ ಕ್ರಮವನ್ನು ಕಲಸಿ, ವ್ಯವಸ್ಥೆ ಕೊಟ್ಟ ಸ್ಥಾನವನ್ನು ಮರೆಮಾಡಿಯೇ ತೀರ್ಪುಗಾರರ, ಅಂದರೆ ದಾಖಲೆಗಳನ್ನು ಓದಿ ಅಂಕ ಕೊಡುವವರ, ಮುಂದಿಟ್ಟೆ.

ಒಂದೇ ದಾಖಲೆಯನ್ನು ಇಬ್ಬರು ಪರಸ್ಪರ ಸಮಾಲೋಚಿಸದೆ ನೋಡಿದಾಗ ಭಿನ್ನಾಭಿಪ್ರಾಯ ಬಂದೇ ಬರುತ್ತದೆ. ಆಕಸ್ಮಿಕ ಹೊಂದಾಣಿಕೆಯನ್ನು ಕಳೆದು ಸಹಮತವನ್ನು ಅಳೆಯಲು ಮನೋವಿಜ್ಞಾನಿ ಜೇಕಬ್ ಕೊಹೆನ್ ಅವರು 1960ರಲ್ಲಿ ಮಂಡಿಸಿದ ಕಪ್ಪಾ ಸೂಚ್ಯಂಕವನ್ನು ಬಳಸಿದೆ. ಅದು ಕಡಿಮೆ ಬಂದರೆ ಪರೀಕ್ಷೆಯೇ ವ್ಯರ್ಥವೆಂದು ಭಾವಿಸಬೇಕಾಗಿಲ್ಲ: ಟ್ರೆಕ್ ದತ್ತಾಂಶವನ್ನು ಅಧ್ಯಯನ ಮಾಡಿದ ಎಲೆನ್ ವೂರ್ಹೀಸ್, ತೀರ್ಪುಗಾರರು ಗಣನೀಯವಾಗಿ ಭಿನ್ನಾಭಿಪ್ರಾಯ ಹೊಂದಿದ್ದರೂ ವ್ಯವಸ್ಥೆಗಳ ತುಲನಾತ್ಮಕ ಶ್ರೇಣಿ ಬಹುಮಟ್ಟಿಗೆ ಸ್ಥಿರವಾಗಿಯೇ ಉಳಿಯುವುದನ್ನು ತೋರಿಸಿದ್ದಾರೆ. ಹಾಗಾಗಿ ಇಬ್ಬರನ್ನೂ ಕೂರಿಸಿ ಬಲವಂತದ ಒಮ್ಮತಕ್ಕೆ ತರುವ ಬದಲು, ಪ್ರತಿಯೊಬ್ಬರ ಅಂಕದೊಂದಿಗೆ ಒಂದು ಸಾಲಿನ ಕಾರಣವನ್ನು ಬರೆಸಿದೆ. ‘ವಿಷಯ ಸರಿ, ಆದರೆ ಮಾಹಿತಿ ಹಳೆಯದು’, ‘ಉಪಯುಕ್ತ ಭಾಗ ಒಂದೇ ಅಧ್ಯಾಯದಲ್ಲಿದೆ’ ಎಂಬಂಥ ಆ ಸಾಲುಗಳ ಆಧಾರದಿಂದಲೇ ಫಲಿತಾಂಶದ ಪುಟದಲ್ಲಿ ಪ್ರಕಟಣೆಯ ವರ್ಷವನ್ನೂ ಅಧ್ಯಾಯಗಳ ಶೀರ್ಷಿಕೆಗಳನ್ನೂ ತೋರಿಸುವ ಬದಲಾವಣೆಯನ್ನು ಸೂಚಿಸಿದೆ.