ಹರಾಜಿಗೆ ಮೊದಲೇ ನಾನೇ ಮನೆ ಮಾರಿದ್ದು

ಸುಂಕದಕಟ್ಟೆಯ ಇಪ್ಪತ್ತು-ಮೂವತ್ತರ ನಿವೇಶನದಲ್ಲಿದ್ದ ನಮ್ಮ ಮನೆಯನ್ನು 2024ರ ಜೂನ್ ತಿಂಗಳಲ್ಲಿ 78 ಲಕ್ಷ ರೂಪಾಯಿಗೆ ನಾನೇ ಮಾರಿದೆ. ಆ ಹೊತ್ತಿಗೆ ಗೇಟಿಗೆ ಬ್ಯಾಂಕಿನ ಸ್ವಾಧೀನ ನೋಟಿಸು ಅಂಟಿಸಿ ಮೂರು ತಿಂಗಳಾಗಿತ್ತು. ನೋಟಿಸು ಬಿದ್ದ ಮನೆಯನ್ನು ಮಾಲೀಕನು ಮಾರಲು ಬರುವುದೇ ಇಲ್ಲ ಎಂದು ಬಂಧುಗಳಲ್ಲಿ ಬಹುತೇಕರು ಹೇಳುತ್ತಿದ್ದರು. ನಾನೂ ಕೆಲವು ವಾರ ಅದನ್ನೇ ನಂಬಿ ಕೈಕಟ್ಟಿ ಕುಳಿತಿದ್ದೆ. ಹಾಗೆ ಕಳೆದ ವಾರಗಳ ಬಡ್ಡಿಯನ್ನೂ ನಾನೇ ಕಟ್ಟಬೇಕಾಯಿತು.

ಪೀಣ್ಯದಲ್ಲಿ ಎರಡು ಲೇತು, ಒಂದು ಮಿಲ್ಲಿಂಗ್ ಯಂತ್ರ ಇಟ್ಟುಕೊಂಡು ಜಾಬ್ ವರ್ಕ್ ಮಾಡುವವನು ನಾನು. 2017ರಲ್ಲಿ 20 ವರ್ಷದ ಅವಧಿಗೆ, ಶೇ 8.5ರ ಬಡ್ಡಿಗೆ 42 ಲಕ್ಷ ಗೃಹಸಾಲ ತೆಗೆದೆ. ತಿಂಗಳ ಕಂತು ಸುಮಾರು 36,450 ರೂಪಾಯಿ. 2020ರಲ್ಲಿ ಕೊರೊನಾ ಕಾಲದ ಆರು ತಿಂಗಳ ವಿನಾಯಿತಿಯನ್ನು ಪೂರ್ತಿ ಬಳಸಿಕೊಂಡಾಗ ಆ ಅವಧಿಯ ಬಡ್ಡಿಯೆಲ್ಲ ಅಸಲಿಗೆ ಸೇರಿಕೊಂಡಿತು. ಆಮೇಲೆ 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರಿಸರ್ವ್ ಬ್ಯಾಂಕು ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, ಅಂದರೆ ರೆಪೊ ದರವನ್ನು, ಶೇ 4ರಿಂದ ಶೇ 6.5ಕ್ಕೆ ಏರಿಸಿತು. ನನ್ನ ಬ್ಯಾಂಕು ಕಂತನ್ನು ಹೆಚ್ಚಿಸದೆ ಅವಧಿಯನ್ನು ಮಾತ್ರ ಉದ್ದ ಮಾಡಿದ್ದರಿಂದ ಏನೂ ಬದಲಾಗಿಲ್ಲ ಎಂದೇ ತಿಳಿದಿದ್ದೆ. 2023ರಲ್ಲಿ ಲೆಕ್ಕಪತ್ರ ತೆಗೆಸಿ ನೋಡಿದರೆ ಬಾಕಿ ಇನ್ನೂ 37 ಲಕ್ಷವಿತ್ತು, ಪ್ರತಿ ಕಂತಿನಲ್ಲಿ 29,000 ರೂಪಾಯಿ ಬಡ್ಡಿಗೇ ಹೋಗುತ್ತಿತ್ತು.

ಅದೇ ಕಾಲದಲ್ಲಿ ನನ್ನ ದೊಡ್ಡ ಗಿರಾಕಿಯೊಬ್ಬರ ಬಿಲ್ಲುಗಳು ತಿಂಗಳುಗಟ್ಟಲೆ ನಿಂತವು. ಮನೆಯ ಕಂತು ತಪ್ಪಬಾರದೆಂದು ಕ್ರೆಡಿಟ್ ಕಾರ್ಡಿನಿಂದ ಹಣ ಎತ್ತಿದೆ, ಚೀಟಿಯನ್ನು ಬೇಗ ಕೂಗಿಕೊಂಡೆ, ಭಾವನ ಹತ್ತಿರ 5 ಲಕ್ಷ ಕೈಸಾಲ ಮಾಡಿದೆ. ‘ಮನೆಗೇನೂ ತೊಂದರೆಯಿಲ್ಲ ಭಾವ, ಕಂತು ಕಟ್ತಾ ಇದ್ದೀನಿ’ ಎಂದು ಅವರಿಗೆ ಹೇಳಿದ್ದೆ. ಅದು ಸುಳ್ಳಾಗಿರಲಿಲ್ಲ, ಆದರೆ ಶೇ 9ರ ಸಾಲವನ್ನು ತಿಂಗಳಿಗೆ ಶೇ 3ರ ಸಾಲದಿಂದ ಕಟ್ಟುತ್ತಿದ್ದೆ. ಈ ಇಡೀ ಪ್ರಸಂಗದಲ್ಲಿ ನನ್ನಿಂದಾದ ಅತಿ ದೊಡ್ಡ ತಪ್ಪು ಇದೇ ಎಂದು ಈಗಲೂ ಅನ್ನಿಸುತ್ತದೆ. ಹೊರಗಿನ ಸಾಲ 14 ಲಕ್ಷ ಮುಟ್ಟಿದ ಮೇಲೆ, 2023ರ ಜುಲೈಯಲ್ಲಿ ಮನೆಯ ಕಂತೂ ತಪ್ಪಿತು.

ಬಾಕಿ 90 ದಿನ ದಾಟಿದರೆ ಬ್ಯಾಂಕು ಆ ಸಾಲವನ್ನು ಎನ್‌ಪಿಎ, ಅಂದರೆ ಕೆಟ್ಟ ಸಾಲ, ಎಂದು ವರ್ಗೀಕರಿಸುತ್ತದೆ; ಅಕ್ಟೋಬರ್‌ನಲ್ಲಿ ನನ್ನದೂ ಆಯಿತು. ಡಿಸೆಂಬರ್‌ನಲ್ಲಿ, ಅಡಮಾನದ ಆಸ್ತಿಯನ್ನು ಮೊಕದ್ದಮೆ ಹೂಡದೆಯೇ ವಶಪಡಿಸಿಕೊಂಡು ಮಾರಲು ಬ್ಯಾಂಕುಗಳಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯ 13(2)ನೇ ಕಲಮಿನ ನೋಟಿಸು ರಿಜಿಸ್ಟರ್ಡ್ ಅಂಚೆಯಲ್ಲಿ ಬಂತು. ಪೂರ್ತಿ ಬಾಕಿ ಕಟ್ಟಲು 60 ದಿನಗಳ ಗಡುವು. ಕಾರ್ಖಾನೆಯಲ್ಲಿ ಡೆಲಿವರಿ ಬರೆದಿಡುವ ಪುಸ್ತಕದ ಹಿಂಬದಿಯ ಪುಟದಲ್ಲಿ ಆ ದಿನದಿಂದ ತಾರೀಖುಗಳನ್ನು ಬರೆಯಲು ಶುರುಮಾಡಿದೆ, ಏಕೆಂದರೆ ಈ ಕಾಯ್ದೆಯಲ್ಲಿ ಸಾಲಗಾರನಿಗೆ ಇರುವ ಹಕ್ಕುಗಳೆಲ್ಲ ದಿನಗಳ ಲೆಕ್ಕದಲ್ಲೇ ಇವೆ. ನೋಟಿಸಿಗೆ ಲಿಖಿತ ಆಕ್ಷೇಪಣೆ ಕೊಟ್ಟರೆ ಬ್ಯಾಂಕು 15 ದಿನದೊಳಗೆ ಕಾರಣ ಸಹಿತ ಉತ್ತರಿಸಬೇಕು. ದಂಡದ ಬಡ್ಡಿಯನ್ನು ಎರಡು ಕಡೆ ಸೇರಿಸಿದ್ದನ್ನು ತೋರಿಸಿ ನಾನು ಬರೆದ ಪತ್ರಕ್ಕೆ ಹದಿಮೂರನೆಯ ದಿನ ಉತ್ತರ ಬಂತು. 11,000 ರೂಪಾಯಿ ಕಡಿಮೆಯಾಯಿತು. ದೊಡ್ಡ ಮೊತ್ತವಲ್ಲ, ಆದರೆ ಆ ಪತ್ರದ ನಂತರ ವಸೂಲಿಯವರ ಮಾತಿನ ಧಾಟಿ ಬದಲಾಯಿತು. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡಬಾರದೆಂಬ ರಿಸರ್ವ್ ಬ್ಯಾಂಕಿನ ನಿಯಮವನ್ನೂ ಅದರಲ್ಲಿ ಉಲ್ಲೇಖಿಸಿದ್ದೆ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಬ್ಯಾಂಕಿನ ಅಧಿಕಾರಿ ಮತ್ತು ಇನ್ನಿಬ್ಬರು ಬಂದರು. ಒಬ್ಬನ ಕೈಯಲ್ಲಿ ಸ್ಟೀಲ್ ಡಬ್ಬಿಯಲ್ಲಿ ಮೈದಾ ಅಂಟು. ನನ್ನ ಹೆಂಡತಿ ಆಗತಾನೇ ಗೇಟಿನ ಮುಂದೆ ನೀರು ಹಾಕಿ ರಂಗೋಲಿ ಬಿಟ್ಟಿದ್ದಳು. ಅದನ್ನು ತುಳಿಯದಂತೆ ಆತ ಕಾಲನ್ನು ಅಗಲಿಸಿ ನಿಂತುಕೊಂಡೇ ಕಾಗದ ಅಂಟಿಸಿದ. ಅಧಿಕಾರಿ ಫೋಟೊ ತೆಗೆಯುವಾಗ ‘ಸ್ವಲ್ಪ ಪಕ್ಕಕ್ಕೆ ಬನ್ನಿ ಸಾರ್, ನಿಮ್ಮ ಮುಖ ಬೀಳೋದು ಬೇಡ’ ಎಂದರು. ಒಂದು ಕನ್ನಡ ಪತ್ರಿಕೆಯಲ್ಲಿ, ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ನಮ್ಮ ಹೆಸರು, ಬಾಕಿ, ಮನೆಯ ಚಕ್ಕುಬಂದಿ ಸಮೇತ ಪ್ರಕಟವಾಯಿತು. ಇದು ಸಾಂಕೇತಿಕ ಸ್ವಾಧೀನ ಮಾತ್ರ. ಮನೆಯಿಂದ ಹೊರಗೆ ಹಾಕಬೇಕಾದರೆ ಬ್ಯಾಂಕು 14ನೇ ಕಲಮಿನಡಿ ಮ್ಯಾಜಿಸ್ಟ್ರೇಟರ ಆದೇಶ ಪಡೆಯುವುದು ವಾಡಿಕೆ. ಈ ವ್ಯತ್ಯಾಸ ತಿಳಿಯದೆ ನಾವು ಎರಡು ರಾತ್ರಿ ಪಾತ್ರೆಪಡಗವನ್ನೆಲ್ಲ ಗೋಣಿಚೀಲಕ್ಕೆ ತುಂಬಿಸಿಟ್ಟಿದ್ದೆವು.

ಸ್ವಾಧೀನದ ವಿರುದ್ಧ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ವಕೀಲರು ಕಾಗದಗಳನ್ನೆಲ್ಲ ಓದಿ, ಕ್ರಮದಲ್ಲಿ ಲೋಪವಿಲ್ಲ, ಸುಮ್ಮನೆ ಕಾಲ ತಳ್ಳಲು ಹಾಕಿದರೆ ಬಡ್ಡಿ ಬೆಳೆಯುತ್ತದೆ ಎಂದು ನೇರವಾಗಿ ಹೇಳಿದರು. ಶುಲ್ಕ ಬಿಟ್ಟುಕೊಟ್ಟು ಈ ಮಾತು ಹೇಳಿದ್ದಕ್ಕೆ ಅವರಿಗೆ ನಾನು ಋಣಿ.

ಹಾಗಾದರೆ ಪಾಪರ್ ಚೀಟಿ ತೆಗೆದುಕೊಂಡರೆ ಹೇಗೆ ಎಂದು ಕೇಳಿದೆ. 2016ರ ದಿವಾಳಿ ಸಂಹಿತೆ ಬಂದ ಮೇಲೆ ಎಲ್ಲವೂ ಸುಲಭವಾಗಿದೆ ಎಂದು ಯಾರೋ ತಲೆಗೆ ತುಂಬಿದ್ದರು. ವ್ಯಕ್ತಿಗಳಿಗೆ ಸಂಬಂಧಿಸಿದ ಅದರ ಭಾಗ 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದಿರುವುದು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ. ನನ್ನಂಥವರಿಗೆ ಇಂದಿಗೂ ಅನ್ವಯಿಸುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ; ಸಾಲ 500 ರೂಪಾಯಿ ಇದ್ದರೂ ಅರ್ಜಿ ಹಾಕಬಹುದೆಂದು ಅದರಲ್ಲಿ ಬರೆದಿರುವುದನ್ನು ನೋಡಿ ಆ ಹೊತ್ತಿನಲ್ಲೂ ನಗು ಬಂತು. ಅದರ ಪ್ರಕಾರ ದಿವಾಳಿಯಾದವನ ಅಡುಗೆ ಪಾತ್ರೆ, ಹಾಸಿಗೆ, ಕಸುಬಿನ ಉಪಕರಣ, ಭವಿಷ್ಯನಿಧಿ, ಹೆಂಡತಿಯ ತಾಳಿ ಇವು ಜಪ್ತಿಯಿಂದ ಹೊರಗುಳಿಯುತ್ತವೆ. ಆದರೆ ಮನೆಯನ್ನು ಅಡಮಾನ ಹಿಡಿದಿರುವ ಬ್ಯಾಂಕಿನ ಕೈಯನ್ನು ಆ ಕಾಯ್ದೆ ಕಟ್ಟಿಹಾಕುವುದಿಲ್ಲ, ಅದು ತನ್ನ ಪಾಡಿಗೆ ಮನೆಯನ್ನು ಮಾರಿಕೊಳ್ಳಬಹುದು. ಮೇಲಾಗಿ, ಮನೆಯ ಬೆಲೆ ನನ್ನ ಒಟ್ಟು ಸಾಲಕ್ಕಿಂತ ಹೆಚ್ಚಿತ್ತು. ‘ನೀವು ದಿವಾಳಿಯಾಗಿಲ್ಲ, ನಿಮ್ಮ ಕೈಯಲ್ಲಿ ನಗದಿಲ್ಲ ಅಷ್ಟೆ’ ಎಂದು ವಕೀಲರು ಹೇಳಿದ ಮೇಲೆ ಮನೆ ಮಾರುವುದೆಂದು ನಿಶ್ಚಯಿಸಿದೆ.

13(2)ರ ನೋಟಿಸು ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮನೆಯನ್ನು ಮಾರುವಂತಿಲ್ಲ, ಒಪ್ಪಿಗೆಯಿದ್ದರೆ ಮಾರಬಹುದು. ಮೊದಲು ಬ್ಯಾಂಕಿನಲ್ಲಿ ಫೋರ್‌ಕ್ಲೋಷರ್ ಲೆಟರ್ ಕೇಳಿದೆ. ಅಮೆರಿಕದಲ್ಲಿ ಈ ಪದಕ್ಕೆ ಮನೆ ಕಳೆದುಕೊಳ್ಳುವುದೆಂಬ ಅರ್ಥವಂತೆ; ನಮ್ಮ ಬ್ಯಾಂಕುಗಳಲ್ಲಿ ಅದು ಸಾಲವನ್ನು ಪೂರ್ತಿ ತೀರಿಸಲು ಇಂತಿಷ್ಟು ಕಟ್ಟಬೇಕೆಂದು ಬರೆದುಕೊಡುವ ಪತ್ರ. ಒಪ್ಪಿಗೆ ಪತ್ರಕ್ಕೆ ಒಂಬತ್ತು ಸಲ ಅಲೆದೆ, ಹತ್ತೊಂಬತ್ತು ದಿನ ಹಿಡಿಯಿತು. ಈ ನಡುವೆ ಬ್ಯಾಂಕಿನ ಮೌಲ್ಯಮಾಪಕರು ಬಂದು ಮನೆ ಅಳೆದುಕೊಂಡು ಹೋದರು. ಹರಾಜಿನ ಕನಿಷ್ಠ ಬೆಲೆ 64 ಲಕ್ಷದ ಆಸುಪಾಸು ಎಂದು ಅಧಿಕಾರಿ ಬಾಯಿಮಾತಿನಲ್ಲಿ ತಿಳಿಸಿದರು. ಹರಾಜು ಮುಗಿಯುವ ತನಕ ಸಾಲ ಕಟ್ಟಿ ಮನೆ ಬಿಡಿಸಿಕೊಳ್ಳಬಹುದೆಂದು ದಲ್ಲಾಳಿಗಳು ಈಗಲೂ ಹೇಳುತ್ತಾರೆ. 2016ರ ತಿದ್ದುಪಡಿಯ ನಂತರ ಆ ಹಕ್ಕು ಹರಾಜಿನ ನೋಟಿಸು ಪ್ರಕಟವಾಗುವ ತನಕ ಮಾತ್ರ. 2023ರಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿದಿದೆ. ನನ್ನ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದ ಸಾಲು ಇದೊಂದೇ.

ಮನೆ ನೋಡಲು ಬಂದವರಿಗೆ ಕಾಫಿಗಿಂತ ಮೊದಲು ನೋಟಿಸನ್ನೇ ತೋರಿಸುತ್ತಿದ್ದೆ. ಇಬ್ಬರು ಕಾಫಿ ಕುಡಿಯದೆ ಎದ್ದುಹೋದರು. ಮೂರನೆಯವರು ನಮ್ಮ ಹಿಂದಿನ ರಸ್ತೆಯಲ್ಲೇ ಬಾಡಿಗೆಗಿದ್ದವರು. ಅವರ 5 ಲಕ್ಷ ಮುಂಗಡವನ್ನು ನಾನು ಮುಟ್ಟದೆ, ಚೆಕ್ಕನ್ನು ನೇರವಾಗಿ ನನ್ನ ಸಾಲದ ಖಾತೆಗೆ ಹಾಕಿಸಿದೆ; ಅದರಿಂದ ಅವರಿಗೂ ಧೈರ್ಯ ಬಂತು, ಬ್ಯಾಂಕೂ ಹರಾಜಿನ ಕಡತವನ್ನು ಪಕ್ಕಕ್ಕಿಟ್ಟಿತು. ಬೆಲೆ 50 ಲಕ್ಷ ಮೀರಿದ್ದರಿಂದ ಅವರು ಆದಾಯ ತೆರಿಗೆಗೆಂದು ಮೂಲದಲ್ಲೇ ಮುರಿದುಕೊಳ್ಳುವ ಶೇ 1ರ ಟಿಡಿಎಸ್, ಅಂದರೆ 78,000 ರೂಪಾಯಿ, ಹಿಡಿದುಕೊಂಡರು. ನೋಂದಣಿಯ ದಿನ ಉಳಿದ 36.3 ಲಕ್ಷದ ಡಿ.ಡಿ. ಬ್ಯಾಂಕಿಗೆ ಹೋಯಿತು, ಮಿಕ್ಕದ್ದು ನನಗೆ ಬಂತು. ಭಾವನ ಹಣ, ಚೀಟಿ, ಒಂದು ಕಾರ್ಡು ಪೂರ್ತಿ ತೀರಿದವು. ಇನ್ನೊಂದು ಕಾರ್ಡಿನವರು ಕಡಿಮೆಗೆ ಒಪ್ಪಿದ್ದರಿಂದ ನನ್ನ ಸಾಲಗಳ ಚರಿತ್ರೆ ತೋರಿಸುವ ಸಿಬಿಲ್ ವರದಿಯಲ್ಲಿ ‘ಸೆಟಲ್ಡ್’ ಎಂದು ಉಳಿದಿದೆ. ‘ಕ್ಲೋಸ್ಡ್’ ಎಂದಾಗಬೇಕಿದ್ದರೆ ಪೂರ್ತಿ ಕಟ್ಟಬೇಕಿತ್ತು. ಆ ಉಳಿತಾಯ ಈಗ ಸರಿಯೆನ್ನಿಸುವುದಿಲ್ಲ, ಯಂತ್ರಕ್ಕೆ ಸಾಲ ಕೇಳಲು ಹೋದಾಗಲೆಲ್ಲ ಅದೇ ಎದುರಾಗುತ್ತದೆ. ಎಲ್ಲ ಕಳೆದು ಕೈಯಲ್ಲಿ 21 ಲಕ್ಷ ಉಳಿಯಿತು.

ಲಗ್ಗೆರೆಯಲ್ಲಿ 12 ಲಕ್ಷಕ್ಕೆ ಮೂರು ವರ್ಷದ ಭೋಗ್ಯಕ್ಕೆ ಒಂದು ಮನೆ ಸಿಕ್ಕಿತು. ಹೆಂಡತಿಗೆ ಅದರ ಅಡುಗೆಮನೆ ಹಿಡಿಸಿತ್ತು. ಮುಂಗಡ ಕೊಡುವ ಮೊದಲು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪ್ರಮಾಣಪತ್ರ ತೆಗೆಸಿದರೆ, ಕೊನೆಯ ಸಾಲಿನಲ್ಲಿ ಬ್ಯಾಂಕೊಂದರ ಹೆಸರಿಗೆ ಅಡಮಾನ ಇತ್ತು. ಕೇಳಿದಾಗ ಮಾಲೀಕರು ‘ಅದಕ್ಕೇನೂ ತೊಂದರೆಯಿಲ್ಲ ಸಾರ್, ಕಂತು ಕಟ್ತಾ ಇದ್ದೀನಿ’ ಎಂದರು. ಸಾಲದ ಲೆಕ್ಕಪತ್ರ ತೋರಿಸಿ ಎಂದೆ, ನಾಳೆ ಎಂದರು. ಒಂದು ವಾರ ಕಾದು, ಹೆಗ್ಗನಹಳ್ಳಿಯಲ್ಲಿ ತಿಂಗಳಿಗೆ 14,000 ರೂಪಾಯಿಗೆ ಬಾಡಿಗೆ ಮನೆ ಹಿಡಿದೆವು.